ತಲೆಕೆಳಗಾಗಿ ನಿಂತ ಕಂಬಗಳು

ಕರಿಕಲ್ಲದಿನ್ನಿಯಲ್ಲಿ ಗೌಹರಬೇಗಂಳ ಮನೆ ಎಲ್ಲಿದೆ ಎಂದು ಆ ವರ್ಷ ಯಾರಾದರೂ ಕೇಳಿದ್ದರೆ, ಒಂದು ಕಡೆ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ದೊಡ್ಡ ತೊಲೆ ಊರಿನ ಗೌಡ ಮಾಲಿಪಾಟೀಲನ ಎತ್ತಿನ ಕೊಟ್ಟಿಗೆಯಲ್ಲಿತ್ತು. ಕಂಬಗಳು ಓಣಿಗೊಂದರಂತೆ ಹಂಚಿಹೋಗಿದ್ದವು. ಜಂತಿಗಳು ಯಾರದೋ ಮೇವಿನ ಅಟ್ಟವಾಗಿದ್ದವು, ಇನ್ಯಾರದೋ ಬಚ್ಚಲ ಮೇಲಿನ ಚಪ್ಪರವಾಗಿದ್ದವು. ಸುರಪುರ ತಾಲೂಕಿನ ಕೃಷ್ಣಾ ದಂಡೆಯ ಸಣ್ಣ ಊರು. ಒಬ್ಬರ ಮನೆ ಇಷ್ಟೊಂದು ಮನೆಗಳೊಳಗೆ ಹೊಕ್ಕು ಕೂತಿದ್ದರೂ ಅದರ ಹೆಸರೆತ್ತುವವರು ಒಬ್ಬರೂ ಇರಲಿಲ್ಲ. ಬೇಗಂಳ ಪಾಲಿಗೆ ಉಳಿದದ್ದು ಕಲ್ಲಿನ ಕಟ್ಟೆ ಮತ್ತು ಅದರ ಸಂದಿಯಲ್ಲಿ ಎದ್ದ ಎಕ್ಕೆ ಗಿಡ.

ಹೀಗಾದದ್ದು ನಲವತ್ತೆಂಟರಲ್ಲಿ, ಪೊಲೀಸ್ ಆಕ್ಷನ್ ಮುಗಿದು ನಿಜಾಮನ ಬಾವುಟ ಇಳಿದ ವಾರದಲ್ಲಿ. ಅದಕ್ಕೂ ಮೊದಲು ನಿಜಾಮನ ಪರ ನಿಂತ ರಜಾಕಾರರು ಬಂದು ಊರಿನ ಬಣವೆಗಳಿಗೆ ಬೆಂಕಿ ಇಟ್ಟಿದ್ದು ನಿಜ. ಹೆಂಗಸರು ಮಕ್ಕಳು ಹರಿಗೋಲು ಹತ್ತಿ ಹೊಳೆಯಾಚೆಯ ಮುಂಬಯಿ ಸೀಮೆಗೆ ಓಡಿದ್ದೂ ನಿಜ. ಸುಟ್ಟವರು ಕುದುರೆ ಹತ್ತಿ ಪಾರಾಗಿ ಹೋದರು. ಊರಿನ ಕೈಗೆ ಸಿಕ್ಕಿದ್ದು ಓಡಿಹೋಗದೆ ಉಳಿದವರು. ಗೌಹರಬೇಗಂಳ ಗಂಡ ಹೊಳೆದಂಡೆಯ ಸುಂಕದ ನಾಕಾದಲ್ಲಿ ಜಮಾದಾರನಾಗಿದ್ದ, ಅದಕ್ಕೆ ಒಂದು ವರ್ಷ ಮುಂಚೆಯೇ ಚಳಿಜ್ವರಕ್ಕೆ ಸತ್ತಿದ್ದ. ಬೇಗಂ ಒಬ್ಬಳೇ ಕೂತು ಹಳೇ ಸೀರೆ ಧೋತರ ಸೇರಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಊರಿನ ಬಾಣಂತಿಯರು ಹೊದೆಯುತ್ತಿದ್ದ ಕೌದಿಗಳಲ್ಲಿ ಅರ್ಧಕ್ಕರ್ಧ ಅವಳ ಕೈಯವು. ಅದನ್ನು ಹೊದ್ದು ಮಲಗಿದ್ದವರ ಗಂಡಂದಿರೇ ಅವತ್ತು ಹಾರೆ ಹಿಡಿದು ಬಂದರು. ಅವಳು ಹಿತ್ತಲಿನಿಂದ ಹೊರಬಿದ್ದು ಯಾದಗಿರಿಯ ಅಣ್ಣನ ಮನೆ ಸೇರಿಕೊಂಡಳು. ಮನೆಗೆ ಬೆಂಕಿ ಹಚ್ಚೋಣ ಅಂದವರನ್ನು ತಡೆದವರೂ ಇದ್ದರು. ದಯೆಯಿಂದಲ್ಲ. ಸಾಗವಾನಿ ಸುಟ್ಟರೆ ಯಾರಿಗೂ ಇಲ್ಲವಾಗುತ್ತದಲ್ಲ, ಅದಕ್ಕೆ. ಪ್ರತಿ ಮೊಹರಮ್ಮಿಗೆ ಅಲಾಯಿ ಕುಣಿಯುವ ಊರು ಇದು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು. ಮುಂದಿನ ವರ್ಷವೂ ಕುಣಿಯಿತು.

ಊರಿನ ಬಡಿಗ ಮೌನಪ್ಪ ಅವತ್ತು ಏನು ಮಾಡುತ್ತಿದ್ದ? ಬಾಗಿಲು ಹಾಕಿಕೊಂಡು ಕೂತಿದ್ದ. ಊರಿನ ಅರ್ಧ ಮಂದಿ ಮಾಡಿದ್ದು ಅದನ್ನೇ.

ಆ ಮನೆಯನ್ನು ಕಟ್ಟಿದವನು ಮೌನಪ್ಪನ ಅಪ್ಪ ದೇವಿಂದ್ರಪ್ಪ. ಆಗ ಮೌನಪ್ಪನಿಗೆ ಮೀಸೆ ಮೂಡುತ್ತಿದ್ದ ವಯಸ್ಸು. ಆ ಕಂಬಗಳ ಮೇಲೆ ಬಾಚಿ ಆಡಿಸಿಯೇ ಅವನು ಕೆಲಸ ಕಲಿತ. ಈಗ ಅವನು ಊರಿನ ಆಯದ ಬಡಿಗ. ವರ್ಷವಿಡೀ ರೈತರ ನೇಗಿಲು, ಕುಂಟೆ, ಕೂರಿಗೆ ರಿಪೇರಿ ಮಾಡಿಕೊಡಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಅವರು ಅಳೆದು ಹಾಕುವ ಜೋಳದ ಆಯ ತರಬೇಕು. ಈ ಕೆಲಸಕ್ಕಾಗಿ ಅವನು ಎಲ್ಲರ ಕೊಟ್ಟಿಗೆಗೂ ಹೋಗುತ್ತಿದ್ದ, ಹೋದಲ್ಲೆಲ್ಲ ಅಪ್ಪನ ಕೈಯ ಕಂಬ ಕಾಣುತ್ತಿತ್ತು. ನೋಡುತ್ತಿದ್ದ, ತಲೆ ತಗ್ಗಿಸಿ ಕೂರಿಗೆ ತಿರುವಿ ಹಾಕುತ್ತಿದ್ದ, ಬರುತ್ತಿದ್ದ. ಹೀಗೆ ಮೂರು ವರ್ಷ ಹೋಯಿತು.

ಐವತ್ತೊಂದರ ಮಹಾನವಮಿ ಮುಗಿದ ಮೇಲೆ ಗೌಹರಬೇಗಂ ಊರಿಗೆ ಬಂದಳು. ತಲೆ ಮೇಲೆ ಒಂದು ಗಂಟು, ಕೈಯಲ್ಲಿ ಒಂದು ಮೂತಿಯ ತಾಮ್ರದ ಚೆಂಬು, ಬದನಿ. ಅಣ್ಣನ ಮನೆಯಲ್ಲಿ ಸೊಸೆಯಂದಿರು ತುಂಬಿದ್ದರು, ಇವಳ ಗಂಟು ಇಡಲು ಮೂಲೆ ಇರಲಿಲ್ಲ. ಅಲಾಯಿ ದೇವರ ಗುಡಿಯ ಪಡಸಾಲೆಯಲ್ಲಿ ಗಂಟಿಟ್ಟಳು, ಮರುದಿನ ಬೆಳಿಗ್ಗೆ ತನ್ನ ಕಟ್ಟೆಗೆ ಹೋಗಿ ಎಕ್ಕೆ ಗಿಡ ಕಿತ್ತಳು. ಹಾದುಹೋಗುವವರು ನೋಡಿಯೂ ನೋಡದವರ ಹಾಗೆ ಹೋದರು. ಮಾತಾಡಿಸಿದವನು ಮಾಲಿಪಾಟೀಲ ಬಸವಂತ್ರಾಯ ಒಬ್ಬನೇ, ಅದೂ ಚಾವಡಿಗೆ ಕರೆಸಿ.

"ಬಂದೀ ಛಲೋ ಆತು," ಅಂದ. "ಆದ್ರ, ಆ ಜಾಗಾ ಊರ ಮಂದಿ ಕಣಾ ಮಾಡ್ಬೇಕಂತ ಕೇಳಾಕತ್ತಾರ. ಮೂರು ವರ್ಷ ಬಯಲು ಬಿದ್ದದ. ಛಾವಣಿ ಇಲ್ಲದ ಜಾಗಾಕ್ಕ ಮಾಲೀಕ ಅಂತ ಯಾರನ್ನ ಅನ್ನೂನು?"

"ಛಾವಣಿ ಇತ್ರಿ ಗೌಡ್ರ. ನಿಮಗ ಗೊತ್ತದ."

ಚಾವಡಿಯಲ್ಲಿ ಕೂತವರು ಬೀಡಿ ಎಳೆಯುವುದನ್ನು ನಿಲ್ಲಿಸಿದರು. ಪಾಟೀಲನ ಮುಖ ಬದಲಾಗಲಿಲ್ಲ.

"ಇದ್ದದ್ದು ಬ್ಯಾಡ, ಈಗಿಂದು ಹೇಳು. ದೀಪಾವಳಿ ಪಾಡ್ಯಕ್ಕ ಛಾವಣಿ ಕಂಡರ ಜಾಗಾ ನಿಂದು. ಇಲ್ಲಂದ್ರ ಕಣಾ. ನಾ ಒಬ್ಬಂವ ಅನ್ನಾಕತ್ತಿಲ್ಲವ್ವ, ಊರು ಅಂತದ."

ಊರು ಅನ್ನುವುದು ಇಂಥ ಹೊತ್ತಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಮುಖ ಇಲ್ಲ, ನಾಚಿಕೆ ಇಲ್ಲ, ಎದುರು ನಿಲ್ಲಿಸಿ ಕೇಳಲೂ ಬರುವುದಿಲ್ಲ.

ಬೇಗಂ ಚಾವಡಿಯಿಂದ ಸೀದಾ ಮೌನಪ್ಪನ ಮನೆ ಮುಂದೆ ಬಂದು ನಿಂತಳು. ಅವನು ಕಟ್ಟೆ ಮೇಲೆ ಕೂತು ಗುದ್ದಲಿಗೆ ಕಾವು ಹಾಕುತ್ತಿದ್ದ. ನೋಡಿದವನೇ ಎದ್ದು ನಿಂತ. ಬಾ ಅನ್ನಬೇಕೋ ಬೇಡವೋ ತಿಳಿಯಲಿಲ್ಲ ಅವನಿಗೆ.

"ಮೌನ್ಯಾ, ನಿಮ್ಮಪ್ಪ ಕಟ್ಟಿದ ಮನಿ ಅದು," ಅಂದಳು. "ನೀನ ಒಂದು ಖೋಲಿ ನಿಂದ್ರಿಸಿ ಕೊಡು, ಬೇಟಾ. ಪಾಡ್ಯದೊಳಗ."

"ಕಟ್ತೀನ್ರಿ ಅಮ್ಮಾ. ಕಟ್ಟಿಗಿ ಎಲ್ಲದರಿ?"

"ಕಟ್ಟಿಗಿ ಊರಾಗ ಅದ."

ಅಷ್ಟೇ ಅಂದು ಹೋದಳು. ಒಳಗಿನಿಂದ ಕೇಳಿಸಿಕೊಂಡ ಹೆಂಡತಿ ಮಲಕಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು, ಕೈಯಲ್ಲಿ ಹಿಟ್ಟು ಮೆತ್ತಿತ್ತು.

"ಹ್ಞೂ ಅಂದೇನು?"

"ಅಂದೆ."

"ಮನಿಮನಿಗಿ ಹೋಗಿ ನೀ ಕದ್ದ ಕಟ್ಟಿಗಿ ಕೊಡಪಾ ಅಂತ ಕೇಳಾಂವ ಏನು? ನಾಳೆ ಆಯ ನಿಂತರ ಏನು ತಿನ್ನೂನು? ನಿನ್ನ ಬಾಚಿ ಬೇಸಿ ಹಾಕ್ಲೇನು?"

ಮೌನಪ್ಪ ಕಾವು ಹಾಕುವುದನ್ನು ಮುಂದುವರಿಸಿದ. ತಿಂಥಣಿಯ ಸಂತ ಮೌನಪ್ಪಯ್ಯನ ಹೆಸರು ಇಟ್ಟುಕೊಂಡವನು ಆ ಹೆಸರಿಗೆ ತಕ್ಕ ಹಾಗೆಯೇ ಬದುಕಿದ್ದ. ಆದರೆ ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ ಎಂದು ಮಲಕಮ್ಮನೇ ಆಮೇಲೆ ಎಲ್ಲರಿಗೂ ಹೇಳಿದಳು.

ಮೊದಲು ಹೋದದ್ದು ಯಂಕಣ್ಣನ ಮನೆಗೆ. ಯಂಕಣ್ಣ ಕಡಿಮೆ ಹೊಲದ ರೈತ, ಜಗಳಗಂಟ, ಆದರೂ ಮೌನಪ್ಪನಿಗೆ ಬೇಕಾದವನು. ಅವನ ಎಮ್ಮೆ ಕೊಟ್ಟಿಗೆಯ ನಡುವೆ ಬೇಗಂಳ ಪಡಸಾಲೆಯ ಕಂಬ ನಿಂತಿತ್ತು.

"ಯಂಕಣ್ಣ, ಬೇಗಮ್ಮ ಬಂದಾಳ. ಅಕಿ ಕಂಬ ಕೊಟ್ಟುಬಿಡು."

"ಯಾವ ಕಂಬ?"

"ಇದ, ನೀ ಬೆನ್ನು ಹಚ್ಚಿ ನಿಂತೀಯಲ್ಲ."

ಯಂಕಣ್ಣ ಬೆನ್ನು ತೆಗೆಯಲಿಲ್ಲ. "ಇದು ನಮ್ಮಪ್ಪ ಶಹಾಪುರ ಸಂತ್ಯಾಗ ತಂದದ್ದು."

"ನಿಮ್ಮಪ್ಪ ಸತ್ತು ಹತ್ತು ವರ್ಷ ಆತೋ. ಸ್ವರ್ಗದಿಂದ ಇಳದು ಬಂದು ಸಂತಿ ಮಾಡ್ಯಾನೇನು?"

"ನಿನಗ್ಯಾಕ ಬೇಕೋ ಬಡಿಗ್ಯಾ? ಕೂರಿಗಿ ಮಾಡಾಂವ ಕೂರಿಗಿ ಮಾಡು. ಗೌಡನ ಮನಿ ತೊಲಿ ಮೊದಲು ಇಳಿಸು, ಆಮ್ಯಾಲೆ ನನ್ನ ಕಂಬಕ್ಕ ಬಾ!"

ಆ ಮಾತಿನಲ್ಲಿ ನ್ಯಾಯ ಇಲ್ಲದಿರಲಿಲ್ಲ. ಮೌನಪ್ಪನಿಗೆ ಸಿಟ್ಟು ಬಂದದ್ದೂ ಅದಕ್ಕೇ. ಮೂರು ವರ್ಷ ಬಾಯಲ್ಲಿ ಇಟ್ಟುಕೊಂಡು ತಿರುಗಿದ್ದ ಮಾತು ಹೊರಗೆ ಬಂದುಬಿಟ್ಟಿತು.

"ಇಟ್ಕೋ! ತಲಿಕೆಳಗ ಹುಗದೀ ಅಂತನೂ ತಿಳೀದಂವ ನೀನು. ಇಟ್ಕೋ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಕಡೆ ಮನೆ ಕಟ್ಟುವಾಗ ಕಂಬ ನಿಲ್ಲಿಸುವುದು ಬಡಿಗನ ಕೆಲಸ. ಅವನು ಗಂಟುಗಳನ್ನು ನೋಡಿ ಮರದ ಬುಡ ಯಾವುದು, ತುದಿ ಯಾವುದು ಎಂದು ತಿಳಿದು ಬುಡ ಕೆಳಗೆ ಬರುವಂತೆ ನಿಲ್ಲಿಸುತ್ತಾನೆ. ಮರ ಹೇಗೆ ಬೆಳೆಯಿತೋ ಹಾಗೇ ನಿಲ್ಲಬೇಕು. ತಲೆಕೆಳಗೆ ನಿಂತ ಕಂಬ ಇರುವ ಕಡೆ ದನ ಬಾಳುವುದಿಲ್ಲ, ಬಸುರು ನಿಲ್ಲುವುದಿಲ್ಲ ಎಂಬುದು ಊರಿನ ನಂಬಿಕೆ. ಆದರೆ ಬೇಗಂಳ ಕಂಬ ಹೊತ್ತು ತಂದವರು ಬಡಿಗನನ್ನು ಹೇಗೆ ಕರೆದಾರು? ಅವನಪ್ಪ ಕೆತ್ತಿದ ಕಂಬ ಅದು. ಅದಕ್ಕೆ ತಾವೇ ನಿಲ್ಲಿಸಿಕೊಂಡರು. ಕಂಬದ ನೆತ್ತಿಯಲ್ಲಿ ತೊಲೆ ಹೊರುವ ಬೋದಿಗೆ ಕೂರಿಸಲು ಬಿಟ್ಟ ಸಣ್ಣ ಕುತ್ತಿಗೆಯಂಥ ತುದಿ ಇತ್ತು. ಬೋದಿಗೆಗಳು ಸೌದೆಯಾಗಿ ಒಲೆ ಸೇರಿದ್ದವು. ಆ ಚೂಪು ತುದಿ ನೆಲದ ಕುಣಿಯಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಒಬ್ಬರನ್ನೊಬ್ಬರು ಕೇಳದೆ ಊರಿನವರೆಲ್ಲ ಅದೇ ತಪ್ಪು ಮಾಡಿದ್ದರು.

ಯಂಕಣ್ಣನ ಎಮ್ಮೆ ಆ ಶ್ರಾವಣದಲ್ಲಿ ದಿನ ತುಂಬುವ ಮುಂಚೆಯೇ ಕಂದ ಹಾಕಿತ್ತು. ಅವನು ಕಂಬದಿಂದ ಹಾವು ಕಂಡವನ ಹಾಗೆ ಹಿಂದೆ ಸರಿದ.

ಮಾತು ಹಬ್ಬಲು ಬಿಸಿಲು ಇಳಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಬಾವಿಗೆ ಬಂದ ಹೆಂಗಸರು ಮಲಕಮ್ಮನನ್ನು ಅಡ್ಡಗಟ್ಟಿದರು. ಒಬ್ಬಳಿಗೆ ಎತ್ತು ಕಾಲು ಮುರಿದುಕೊಂಡದ್ದು ನೆನಪಾಯಿತು, ಒಬ್ಬಳಿಗೆ ಸೊಸೆ ಇನ್ನೂ ಬಸುರಾಗದ್ದು ನೆನಪಾಯಿತು. ಸಂಜೆ ಮೌನಪ್ಪ ಓಣಿಯಲ್ಲಿ ಬರುತ್ತಿದ್ದರೆ ಒಂದೊಂದು ಬಾಗಿಲಿನಿಂದಲೂ ಕೂಗು.

"ಮೌನಪ್ಪಣ್ಣ, ಆ ಬೇಗಮ್ಮನ ಕಂಬ ನಮ್ಮ ಕೊಟ್ಟಿಗ್ಯಾಗ ಅದಲ್ಲ, ಒಂದೀಟು ನೋಡಿ ಹೋಗು ಬಾ!"

"ನಿಮ್ಮ ಕೊಟ್ಟಿಗ್ಯಾಗ ಬೇಗಮ್ಮನ ಕಂಬ ಅದನಾ? ನನಗ ಗೊತ್ತ ಇರಲಿಲ್ಲ ನೋಡು."

"ಚಾಷ್ಟಿ ಬ್ಯಾಡೋ ಮಾರಾಯ. ಮನ್ಯಾಗ ಕೂಸು ಅದ."

"ನಮ್ದು ಅರ್ಧಾ ಕಂಬ ಅಷ್ಟ ಅದ ನೋಡು. ಅರ್ಧಾಕ್ಕೂ ಹತ್ತತದೇನು?"

ಬೆಳಗಿನ ತನಕ ಯಾರ ಹತ್ತಿರವೂ ಇಲ್ಲದ ಕಂಬಗಳು ಸಂಜೆಯೊಳಗೆ ಎಲ್ಲರ ಮನೆಯಲ್ಲೂ ಹುಟ್ಟಿಕೊಂಡವು. ಕೆಲವರು ಹೊಳೆಗೆ ಬಿಡೋಣ ಅಂದರು. ಮೌನಪ್ಪ ಹರಿಗೋಲ ದಾರಿಗೆ ಅಡ್ಡ ನಿಂತು, "ಹೊಳಿಗಿ ಬಿಟ್ಟರ ಹೊಳಿ ಆಚಿ ಊರಿಗಿ ಹತ್ತತದ. ಎಲ್ಲಿಂದ ತಂದೀರಿ ಅಲ್ಲೇ ಇಡ್ರಿ," ಅಂದ. ಮರುದಿನ ಹಗಲಿಡೀ ಕಂಬ, ಜಂತಿಗಳು ಬೇಗಂಳ ಕಟ್ಟೆಗೆ ಬಂದು ಬಿದ್ದವು. ಇಟ್ಟರು ಅನ್ನುವ ಹಾಗಿರಲಿಲ್ಲ. ಸತ್ತ ನಾಯಿಯನ್ನು ಊರ ಹೊರಗೆ ಎಸೆದು ಬರುವಂತೆ ಎಸೆದರು, ಕೈ ತೊಳೆಯಲು ಬಾವಿಗೆ ಹೋದರು.

ಬೇಗಂ ಕಟ್ಟೆಯ ಮೂಲೆಯಲ್ಲಿ ಕೂತು ನೋಡುತ್ತಲೇ ಇದ್ದಳು. ಸಂಜೆ ಮೌನಪ್ಪ ಹೆಮ್ಮೆಯಿಂದ ಬಂದ. ಬಂದವನು ಅವಳ ಮುಖ ನೋಡಿ ನಿಂತ.

"ನೋಡ್ರಿ ಅಮ್ಮಾ, ಎಲ್ಲಾ ಬಂತು."

"ಬಂತು. ಹ್ಯಾಂಗ ಬಂತು? ಪೀಡಾ ಅಂತ ತಂದು ಒಗದು ಹೋದ್ರು. ಇದು ನಿಂದು, ತಗೋ ಅಂತ ಒಬ್ಬನ ಬಾಯಿಲಿಂದಾದ್ರೂ ಬಂತೇನು?"

"ಬಾಯಿಲಿಂದ ಬರದಿದ್ರೇನ್ರಿ, ಕಟ್ಟಿಗಿ ಬಂತಲ್ಲ."

"ನೀ ಅವರನ್ನ ಹೆದರಿಸಿ ತಂದಿ, ಮೌನ್ಯಾ. ಅವತ್ತು ಅವರು ಹಿಂಗ ಹೆದರಿಸೇ ಒಯ್ದಿದ್ದರು. ನಾಳೆ ನಾ ಈ ಮನ್ಯಾಗ ಕುಂತು ಒಬ್ಬರ ಕೂಸಿಗಿ ಜ್ವರ ಬಂದ್ರೂ, ಪೀಡಾ ಮನ್ಯಾಕಿ ನೋಡಿದ್ಲು ಅಂತಾರ. ಅದನ್ನ ತಿಳದಿ ಏನು?"

ತಿಳಿದಿರಲಿಲ್ಲ. ಸುಳ್ಳು ಹೇಳಿರಲಿಲ್ಲ, ನಿಜ. ಕಂಬಗಳು ತಲೆಕೆಳಗೆಯೇ ಇದ್ದವು. ಆದರೆ ಅದನ್ನು ಹೇಳಿದ್ದು ಯಂಕಣ್ಣನನ್ನು ಸರಿದಾರಿಗೆ ತರಲಿಕ್ಕಲ್ಲ, ಚುಚ್ಚಲಿಕ್ಕೆ ಹೇಳಿದ್ದ. ಇನ್ನೂ ಒಂದು ಪೇಚು ಇತ್ತು. ಪೀಡೆ ಎಂದು ಹೆಸರಾದ ಕಟ್ಟಿಗೆಯನ್ನು ಮುಟ್ಟಲು ಈಗ ಒಬ್ಬ ಆಳೂ ಬರುತ್ತಿರಲಿಲ್ಲ. ಬಡಿಗ ಕೆತ್ತಬಹುದು, ಒಬ್ಬನೇ ಎತ್ತಿ ನಿಲ್ಲಿಸಲಾರ. ಮೇಲಾಗಿ ಗೋಡೆಯಿಂದ ಗೋಡೆಗೆ ಹಾಯುವ ದೊಡ್ಡ ತೊಲೆ ಇನ್ನೂ ಪಾಟೀಲನ ಕೊಟ್ಟಿಗೆಯಲ್ಲೇ ಇತ್ತು. ಅದಿಲ್ಲದೆ ಛಾವಣಿ ಎಂಬುದು ಬರೀ ಮಾತು. ಪಾಡ್ಯ ಹತ್ತಿರ ಬಂದಿತ್ತು.

ಪಾಟೀಲನೇ ಹೇಳಿ ಕಳಿಸಿದ. ಮೌನಪ್ಪ ಹೋದಾಗ ಬಸವಂತ್ರಾಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ನಾಲ್ಕು ಎತ್ತು, ಹೊಸದಾಗಿ ತಂದ ಒಂದು ಹೋರಿ. ಊರು ಹೆದರಿದ್ದನ್ನು ಕಂಡು ನಕ್ಕಿದ್ದ ಮನುಷ್ಯ ಎರಡು ದಿನದಿಂದ ನಿದ್ದೆ ಕೆಟ್ಟ ಕಣ್ಣಲ್ಲಿದ್ದ.

"ಬಾರೋ. ತೊಲಿಗೂ ತಲಿ ಬಾಲ ಅಂತ ಇರ್ತದಂತಲ್ಲ?"

"ಇರ್ತದ್ರಿ ಗೌಡ್ರ. ಬುಡಾ ದಕ್ಷಿಣಕ್ಕ ಇಲ್ಲಾ ಪಶ್ಚಿಮಕ್ಕ ಬರ್ಬೇಕ್ರಿ."

"ನೋಡಿ ಹೇಳು. ಖರೇ ಹೇಳು. ಹೋರಿ ಮೇವು ಬಿಟ್ಟದ. ಇದು ಸರಿ ಇಲ್ಲಂತ ನೀ ಅಂದ್ರ ಇವತ್ತ ಇಳಿಸಿ ಕಳಿಸ್ತೀನಿ, ನನ್ನ ಆಳುಗಳ ಕೈಲೆ."

ಮೌನಪ್ಪ ಏಣಿ ಹಾಕಿ ಹತ್ತಿದ. ಅಪ್ಪನ ತೊಲೆ. ಮೂರು ವರ್ಷ ಹೊಗೆ ಹಿಡಿದರೂ ಒಂದು ಕೂದಲೆಳೆ ಬಿರುಕಿಲ್ಲ. ಗಂಟು ಸವರಿ ನೋಡಿದ. ಯಾರು ಮಲಗಿಸಿದ್ದರೋ, ಅದೃಷ್ಟವೋ ಏನೋ, ಬುಡ ಸರಿಯಾಗಿ ದಕ್ಷಿಣಕ್ಕೆ ಇತ್ತು.

ಬಾಯಿ ತೆರೆದು ಒಂದು ಮಾತು ತಿರುಚಿದರೆ ಸಾಕು. ಕೆಳಗೆ ಪಾಟೀಲ ಮುಖ ಮೇಲೆ ಮಾಡಿ ನಿಂತಿದ್ದ, ಆಳುಗಳು ಹಗ್ಗ ಹಿಡಿದು ನಿಂತಿದ್ದರು. ಹೋರಿ ಮೇವು ಬಿಟ್ಟದ್ದು ಹೊಸ ಜಾಗ ಎಂದಷ್ಟೇ. ಅದೂ ಮೌನಪ್ಪನಿಗೆ ಗೊತ್ತಿತ್ತು. ಬಡಿಗನ ಮಾತಿಗೆ ಎದುರು ಮಾತು ಆಡುವವರು ಊರಲ್ಲಿ ಯಾರೂ ಇರಲಿಲ್ಲ.

ಇಳಿದು ಬಂದು ಕೈ ಒರೆಸಿಕೊಂಡ.

"ಸರಿ ಅದರಿ ಗೌಡ್ರ."

ಪಾಟೀಲನ ಎದೆಯಿಂದ ಉಸಿರು ಹೊರಗೆ ಬಂತು.

"ಸರಿ ಅದ. ಆದ್ರ ನಿಮ್ದಲ್ರಿ."

ಆಳುಗಳಲ್ಲಿ ಒಬ್ಬ ಕೆಮ್ಮಿದ. ಪಾಟೀಲ ಎರಡು ಹೆಜ್ಜೆ ಮುಂದೆ ಬಂದ.

"ಏನಂದಿ?"

"ಗೌಹರಬೇಗಮ್ಮನ ತೊಲಿ ಅದು. ನಮ್ಮಪ್ಪ ಕೆತ್ಯಾನ, ನಾ ಅದಕ್ಕ ಎಣ್ಣಿ ಹಚ್ಚೀನಿ. ನೀವು ಖರೇ ಹೇಳು ಅಂದ್ರಿ."

"ಹೊರಗ ಹೋಗು," ಅಂದ ಪಾಟೀಲ, ದನಿ ಏರಿಸದೆ. "ಈ ಸಾರಿ ನನ್ನ ಕಣದ ಕಡಿ ಕಾಲಿಟ್ಟರ ನೋಡು ಮಗನ."

ಮಾತಿಗೆ ತಪ್ಪದ ಮನುಷ್ಯ ಬಸವಂತ್ರಾಯ. ಆ ಸುಗ್ಗಿಯಲ್ಲಿ ಅವನ ಕಣದಿಂದ ಮೌನಪ್ಪನ ಮನೆಗೆ ಒಂದು ಕಾಳು ಬರಲಿಲ್ಲ. ಕೂರಿಗೆಯನ್ನು ಅವನು ವನದುರ್ಗದ ಬಡಿಗನಿಗೆ ಗಾಡಿಯಲ್ಲಿ ಹಾಕಿ ಕಳಿಸಿದ. ಹೋರಿ ಮಾತ್ರ ಆ ಸಂಜೆಯಿಂದಲೇ ಮೇವು ತಿಂದಿತು.

ಮಲಕಮ್ಮ ಸುದ್ದಿ ಕೇಳಿ ಹಣೆ ಬಡಿದುಕೊಂಡಳು. "ಸುಳ್ಳು ಹೇಳಿದ್ರ ತೊಲಿನೂ ಬರ್ತಿತ್ತು, ಆಯಾನೂ ಉಳೀತಿತ್ತು. ಎರಡೂ ಕಳಕೊಂಡು ಬಂದಿಯಲ್ಲ, ಯಾರ ಹೊಟ್ಟ್ಯಾಗ ಹುಟ್ಟೀಯೋ ನೀನು!" ಅಂದಳು. ಅನ್ನುತ್ತಲೇ ಎರಡು ರೊಟ್ಟಿ ಹೆಚ್ಚು ಬಡಿದು, ಪುಂಡಿಪಲ್ಯ ಹಾಕಿ ಕಟ್ಟಿಕೊಟ್ಟಳು, ಒಂದು ಅವನಿಗೆ, ಒಂದು ಕಟ್ಟೆಯ ಮೇಲೆ ಕೂತವಳಿಗೆ.

ಇನ್ನು ತೊಲೆಯ ಆಸೆ ಬಿಟ್ಟು ಮೌನಪ್ಪ ಇದ್ದದ್ದನ್ನು ಲೆಕ್ಕ ಹಾಕಿದ. ನೆಲದಲ್ಲಿ ಹುಗಿದಿದ್ದ ಕಂಬಗಳ ನೆತ್ತಿಯ ತುದಿ ಮೂರು ಮಳೆಗಾಲದ ನೀರು ಕುಡಿದು ಕೊಳೆತಿತ್ತು. ಬಾಚಿ ತಗುಲಿಸಿದರೆ ನೆನೆದ ಬೆಲ್ಲದ ಹಾಗೆ ಉದುರುತ್ತಿತ್ತು. ಗಟ್ಟಿ ಸಿಗುವ ತನಕ ಕೊಯ್ದ. ಕಂಬಗಳು ಒಂದು ಮೊಳ ಗಿಡ್ಡಾದವು. ಹಾಗಾದರೆ ಮನೆಯೂ ಗಿಡ್ಡ. ತೊಲೆ ಇಲ್ಲವೆಂದರೆ ಅಗಲವೂ ಇಲ್ಲ. ಹಳೇ ಕಟ್ಟೆಯ ಒಂದು ಮೂಲೆಯಲ್ಲಿ, ಒಬ್ಬರು ಮಲಗಿ ಒಬ್ಬರು ಒಲೆ ಹಚ್ಚುವಷ್ಟು ಜಾಗಕ್ಕೆ ನೂಲು ಹಿಡಿದ. ನಾಲ್ಕು ಕಂಬ ನಿಲ್ಲಿಸುವುದು, ಇನ್ನೆರಡನ್ನು ಅಡ್ಡ ಮಲಗಿಸಿ ತೊಲೆ ಮಾಡುವುದು. ಛಾವಣಿಗೆ ಸಾಲದ ತುಂಡು ಜಂತಿಗಳನ್ನು ಹೊಳೆಗಾಳಿ ಬೀಸುವ ಕಡೆ, ಕಂಬದಿಂದ ಕಂಬಕ್ಕೆ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸುವುದು, ಸಂದಿಗೆ ಹುಲ್ಲು ಕಲಸಿದ ಮಣ್ಣು ಮೆತ್ತುವುದು. ಅವನಪ್ಪ ನೋಡಿದ್ದರೆ ಇದನ್ನು ಮನೆ ಅನ್ನುತ್ತಿರಲಿಲ್ಲ.

ಮೊಳೆ ಕಿತ್ತು, ಕಂಬಗಳಿಗೆ ಹೊಸ ಕಚ್ಚು ಹೊಡೆದು ಮುಗಿಸಿದ. ಎತ್ತುವ ಹೊತ್ತು ಬಂತು. ಒಂದು ಕಡೆ ಮೌನಪ್ಪ, ಒಂದು ಕಡೆ ಬೇಗಂ ಹಿಡಿದರು. ಕಂಬ ಮೊಣಕಾಲಿನ ತನಕ ಬಂತು, ಮತ್ತೆ ನೆಲ ಕಂಡಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಬಗ್ಗಿದಳು. ಹಾದಿಯಲ್ಲಿ ಯಂಕಣ್ಣ ನಿಂತು ನೋಡುತ್ತಿದ್ದ. ಬಹಳ ಹೊತ್ತಿನಿಂದ ನಿಂತಿದ್ದ.

"ಮೌನಪ್ಪ, ಒಂದು ಕೇಳ್ತೀನಿ."

"ಕೇಳು."

"ಗೌಡನ ತೊಲಿ ಸರಿ ಅದ ಅಂದೆಂತಲ್ಲ. ಸುಳ್ಳು ಹೇಳಿದ್ರ ಸಿಗ್ತಿತ್ತು."

"ಸಿಗ್ತಿತ್ತು."

"ಹಂಗಾದ್ರ ನನ್ನ ಕಂಬ ಖರೇನ ತಲಿಕೆಳಗ ಇತ್ತು."

"ಇತ್ತು."

"ಎಮ್ಮಿ ಕಂದ ಹಾಕಿದ್ದು ಅದಕೇನು?"

ಮೌನಪ್ಪ ಕಂಬದ ಮೇಲೆ ಕೂತ. ಈ ಪ್ರಶ್ನೆಗೆ ಅವನಪ್ಪ ಹೌದು ಅನ್ನುತ್ತಿದ್ದ, ಅಜ್ಜ ಹೌದು ಅನ್ನುತ್ತಿದ್ದ.

"ಅದು ನನಗ ಗೊತ್ತಿಲ್ಲ ಯಂಕಣ್ಣ. ಕಂಬ ತಲಿಕೆಳಗಿತ್ತು, ಅಷ್ಟ ಬಲ್ಲೆ. ಸಿಟ್ಟಿನಾಗ ಅಂದುಬಿಟ್ಟೆ. ಆ ಎಮ್ಮಿ ಹ್ವಾದ ವರ್ಷ ಛಲೋ ಈದಿತ್ತಲ್ಲ. ಆಗನೂ ಕಂಬ ಅಲ್ಲೇ ಇತ್ತು."

ಯಂಕಣ್ಣ ಇದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದ. ಆಮೇಲೆ ರುಮಾಲು ಬಿಚ್ಚಿ ಹೆಗಲ ಮೇಲೆ ಸಿಂಬೆ ಮಾಡಿಕೊಂಡು ಕಟ್ಟೆ ಹತ್ತಿದ. ಕಂಬಕ್ಕೆ ಕೈ ಹಾಕುವ ಮೊದಲು ಬೇಗಂ ನಿಂತ ಕಡೆ ತಿರುಗಿದ. ಜಗಳದಲ್ಲಿ ಹತ್ತು ಮಂದಿಯ ದನಿ ಇರುವವನು ಈಗ ಮೆಲ್ಲಗೆ ಅಂದ.

"ಅಮ್ಮಾ, ಇದು ನಿಮ್ದು. ನಾ ಒಯ್ದಿದ್ದೆ."

ಬೇಗಂ ಕಂಬದ ಆಚೆ ತುದಿಯಿಂದ ಕೈ ತೆಗೆದು ಅವನಿಗೆ ಜಾಗ ಬಿಟ್ಟಳು.

"ಒಯ್ದಾಗ ಒಬ್ಬನ ಹೊತ್ತಿದ್ದಿ ಏನು?"

"ಇಲ್ರಿ. ನಾಕು ಮಂದಿ ಇದ್ವಿ."

"ಹಂಗಾದ್ರ ಉಳಿದ ಮೂರೂ ಮಂದೀನ ಕರಿ. ಇಬ್ಬರ ಕೈಲೆ ಏಳೂದಿಲ್ಲ."

ಮೂವರೂ ಬರಲಿಲ್ಲ, ಒಬ್ಬ ಬಂದ. ಅವನು ಯಂಕಣ್ಣನ ಹಾಗೆ ಮಾತಾಡಲಿಲ್ಲ, ಮುಖ ಎತ್ತಲೂ ಇಲ್ಲ, ಆದರೆ ಭುಜ ಕೊಟ್ಟ. ಊರು ತನ್ನ ತಪ್ಪನ್ನು ಒಪ್ಪಿಕೊಂಡಿತು, ಎಲ್ಲರೂ ಅಪ್ಪಿಕೊಂಡು ಅತ್ತರು ಎಂದು ಬರೆಯಲು ನನಗೂ ಇಷ್ಟವೇ. ಹಾಗಾಗಲಿಲ್ಲ. ಊರಿನ ಅಷ್ಟೂ ಮಂದಿಯಲ್ಲಿ ಒಬ್ಬನ ಬಾಯಿಂದ ಮಾತು ಬಂತು, ಒಬ್ಬ ಭುಜ ಕೊಟ್ಟ, ಒಬ್ಬ ಕೆತ್ತಿದ. ಒಂದು ಗಿಡ್ಡ ಛಾವಣಿ ಏಳಲಿಕ್ಕೆ ಅಷ್ಟು ಸಾಕಾಯಿತು. ಉಳಿದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು.

ಬುಡ ಕೆಳಗೆ, ನೆತ್ತಿ ಮೇಲೆ ಮಾಡಿ ನಾಲ್ಕು ಕಂಬ ನಿಂತವು. ಮೇಲೆ ಜಂತಿ ಹಾಸಿ, ತೊಗರಿ ಕಟ್ಟಿಗೆ ಒತ್ತಾಗಿ ಹರಡಿ, ಹುಳ ಬೀಳದ ಹಾಗೆ ಬೇವಿನ ಸೊಪ್ಪು ಹಾಕಿದರು. ಅದರ ಮೇಲೆ ನೀರು ಇಳಿಯಗೊಡದ ಹೊಳೆದಂಡೆಯ ಕರಲು ಮಣ್ಣು, ಬುಟ್ಟಿ ಬುಟ್ಟಿಯಾಗಿ. ಮಣ್ಣು ಹೊತ್ತವಳು ಬೇಗಂ, ಮಲಕಮ್ಮ ಬಯ್ಯುತ್ತ ಬಯ್ಯುತ್ತ ಬುಟ್ಟಿ ತುಂಬಿ ಕೊಟ್ಟಳು. "ಜಮಾದಾರನ ಹೆಂಡ್ತಿ ಆಗಿ ಕಾಟ್ ಮಂಚದ ಮ್ಯಾಲೆ ಕುಂತಿದ್ದಾಕಿಗಿ ಈ ವಯಸ್ಸಿನಾಗ ಬುಟ್ಟಿ ಹೊರಾ ಹಣೆಬರಾ," ಅಂದಳು. "ಕಾಟೂ ಯಾರ ಮನ್ಯಾಗ ಅದ ಅಂತ ಗೊತ್ತದ ನನಗ, ಹೇಳ್ಲೇನು?" ಅಂದಳು ಬೇಗಂ. ಮಲಕಮ್ಮನಿಗೆ ನಗು ತಡೆಯಲಾಗಲಿಲ್ಲ, ಬುಟ್ಟಿ ಚೆಲ್ಲಿತು.

ಪಾಡ್ಯದ ದಿನ ಬಿಸಿಲೇರಿದ ಮೇಲೆ ಮಾಲಿಪಾಟೀಲ ತಳವಾರನನ್ನು ಹಿಂದೆ ಹಾಕಿಕೊಂಡು ಬಂದ. ಹೊಸ ಧೋತರ, ಹಣೆಗೆ ಕುಂಕುಮ. ಮೌನಪ್ಪ ಛಾವಣಿಯ ಮೇಲೆ ಅಂಚಿನ ಮಣ್ಣು ಬಡಿಯುತ್ತಿದ್ದ, ಇಳಿಯಲಿಲ್ಲ. ಬೇಗಂ ಬಾಗಿಲಲ್ಲಿ ನಿಂತಿದ್ದಳು. ಬಾಗಿಲ ಕದ ಎಲ್ಲಿ ಹೋಗಿತ್ತೋ ಸಿಕ್ಕಿರಲಿಲ್ಲ, ಒಂದು ಕೌದಿ ಇಳಿಬಿಟ್ಟಿದ್ದಳು. ಪಾಟೀಲ ಆ ಗಿಡ್ಡ ಕಂಬ, ತುಂಡು ಜಂತಿಯ ಗೋಡೆ, ಮಣ್ಣು ಮೆತ್ತಿದ ಸಂದಿ ಎಲ್ಲವನ್ನೂ ನೋಡಿದ.

"ಇದಕ್ಕ ಮನಿ ಅಂತಾರೇನು? ಕೋಳಿ ಸೈತ ಬಗ್ಗಿ ಹೋಗ್ಬೇಕು."

"ಛಾವಣಿ ಅಂದಿದ್ರಿ ಗೌಡ್ರ. ಮನಿ ಅಂದಿರಲಿಲ್ಲ."

ಪಾಟೀಲ ತಳವಾರನ ಕಡೆ ನೋಡಿದ. ತಳವಾರ ಛಾವಣಿಯ ಕಡೆ ನೋಡಿದ. ಛಾವಣಿ ಅಲ್ಲಿಯೇ ಇತ್ತು, ಅದರ ಮೇಲೆ ಮೌನಪ್ಪನೂ ಇದ್ದ. ಎಷ್ಟು ಕಣ್ಣು ಓಣಿಯಿಂದ ತನ್ನನ್ನು ನೋಡುತ್ತಿವೆ ಎಂದು ಪಾಟೀಲನಿಗೆ ಗೊತ್ತಿತ್ತು. ಚಾವಡಿಯಲ್ಲಿ ಎಲ್ಲರ ಎದುರು ಆಡಿದ ಮಾತು ಅದು.

"ಇರಲಿ," ಅಂದ. "ಕಣಾ ಬ್ಯಾರೆ ಕಡಿ ನೋಡೂನು."

"ಹಬ್ಬದ ದಿನಾ ಬಂದೀರಿ. ಸಕ್ರಿ ಬಾಯಿಗೆ ಹಾಕ್ಕೊಂಡು ಹೋಗ್ರಿ."

ಪಾಟೀಲ ಕೇಳಿಸದವನಂತೆ ಹೊರಟ. ತಳವಾರ ಒಂದು ಹೆಜ್ಜೆ ಹಿಂದುಳಿದು, ಕೈ ಒಡ್ಡಿ ಸಕ್ಕರೆ ಇಸಿದುಕೊಂಡು, ಬಾಯಿಗೆ ಹಾಕಿ ಓಡಿದ.

ಬೇಗಂ ಒಳಗೆ ಹೋಗಿ ಗಂಟು ಪೂರ್ತಿ ಬಿಚ್ಚಿದಳು. ಅಷ್ಟು ದಿನ ಅಲಾಯಿ ದೇವರ ಗುಡಿಯಲ್ಲಿ ಅದನ್ನು ಪೂರ್ತಿ ಬಿಚ್ಚಿರಲಿಲ್ಲ. ಮೂರು ಕಲ್ಲಿಟ್ಟು ಒಲೆ ಮಾಡಿ ಬದನಿಯಲ್ಲಿ ಚಹಕ್ಕೆ ನೀರಿಟ್ಟಳು. ಹೊಗೆ ಅಂಚಿನ ಸಂದಿಯಿಂದ ಮೇಲೆ ಬಂದು ಮೌನಪ್ಪನ ಕಣ್ಣಿಗೆ ಹೊಡೆಯಿತು, ಅವನು ಕೊಡತಿ ಬಿಟ್ಟು ಕಣ್ಣು ಉಜ್ಜಿಕೊಂಡ.

"ಮೌನ್ಯಾ," ಒಳಗಿನಿಂದ ಕೂಗಿದಳು, "ಮ್ಯಾಳಗಿ ಸೋರತದೇನು?"

"ಈಗ ಹ್ಯಾಂಗ ಹೇಳ್ಲಿರಿ ಅಮ್ಮಾ? ಹಸಿ ಮಣ್ಣು. ಮುಂಗಾರಿ ಮಿರಗದ ಮಳಿ ಬಿದ್ದ ಮ್ಯಾಲೆ ಗೊತ್ತಾಗ್ತದ."

"ಮಿರಗಕ್ಕ ಇನ್ನ ಏಳೆಂಟು ತಿಂಗಳು ಅದಲ್ಲೋ."

"ಅದರಿ."

"ಹಂಗಾದ್ರ ಅಲ್ಲೀತನಕ ಇರಬೇಕಾತು. ಇಳದು ಬಾ, ಚಾ ಆರತದ."